ಚುರುಕಾದ ಕಂಪ್ಯೂಟರ್

ಸುನೀತಾ ಗುಂಡಿ ಒತ್ತಿದಳು, ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪ್ಯೂಟರ್ ತೆರೆದುಕೊಂಡಿತು. ಹರಿಹರದ ಅವಳ ಫ್ಲೆಕ್ಸ್ ಅಂಗಡಿಯಲ್ಲಿ ನಿನ್ನೆಯವರೆಗೆ ಅದನ್ನು ಆನ್ ಮಾಡಿ, ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನಿಗೆ ಕೈಮುಗಿದು ಬಂದರೂ ಪರದೆ ಕಪ್ಪಗೇ ಇರುತ್ತಿತ್ತು. ಅದರ ಹೊಟ್ಟೆ ತುಂಬಿ ಹೀಗಾಗಿದೆ ಎಂದು ರಿಪೇರಿಯವನು ಹೇಳಿದ ಮೇಲೆ, ಅವಳು ಹಳೆಯ ಫೋಟೊಗಳನ್ನೆಲ್ಲ ಅಳಿಸಿ ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದಳು. ಮದುವೆಯಾದವರು, ಚುನಾವಣೆ ಗೆದ್ದವರು, ಸತ್ತವರು ಎಲ್ಲ ಸೇರಿ ಅರ್ಧ ತಾಲ್ಲೂಕೇ ಅಳಿಸಿಹೋಗಿತ್ತು.

"ಏನವ್ವ, ನಿನ್ನ ಎಮ್ಮೆ ಇವತ್ತು ಕುದುರೆ ಆಗೈತಲ್ಲ," ಎನ್ನುತ್ತ ಕಡರನಾಯಕನಹಳ್ಳಿಯ ಕೆಂಚಣ್ಣ ಸ್ಟೂಲಿನ ಮೇಲೆ ಕೂತ. ಪ್ರತಿ ವರ್ಷ ಹೆಂಡತಿಯ ಪುಣ್ಯತಿಥಿಗೆ ಅವನು ಇಲ್ಲಿಯೇ ಫ್ಲೆಕ್ಸ್ ಮಾಡಿಸುತ್ತಿದ್ದ. "ನಮ್ಮಾಕಿದು ತೆಗಿ. ಇಸವಿ ಒಂದು ಬದಲು ಮಾಡಿದ್ರೆ ಸಾಕು."

ಸುನೀತಾಳ ಕೈ ಮೌಸಿನ ಮೇಲೆಯೇ ನಿಂತಿತು. "ಫೋಟೊ ತಂದೀರೇನಣ್ಣ?"

"ನಿನ್ನತ್ರಾನೇ ಐತಲ್ಲ. ಮನ್ಯಾಗಿದ್ದಿದ್ದು ಗೆದ್ದಲು ತಿಂದು ಹೋತು. ಹೋದ ವರ್ಷದ ಫ್ಲೆಕ್ಸು ಮೆಕ್ಕೆಜೋಳದ ರಾಶಿಗೆ ಹೊದಿಸಿದ್ದೆ, ಬಿಸಿಲಿಗೆ ಮುಖ ಎಲ್ಲ ಬೆಳ್ಳಗಾತು. ಹೋಗ್ಲಿ ಬಿಡು, ಸುನೀತವ್ವನ ಡಬ್ಬಿಯೊಳಗೆ ಬೆಚ್ಚಗೆ ಕುಂತಾಳೆ ಅಂದ್ಕಂಡೆ."

ಅವನು ಕನ್ನಡಕ ಒರೆಸಿಕೊಂಡು, ಹೆಂಡತಿಯ ಮುಖ ನೋಡಲು ಪರದೆಯ ಹತ್ತಿರಕ್ಕೆ ಬಾಗಿದ. ಅಲ್ಲಿ ಹಸಿರು ಗುಡ್ಡದ ಚಿತ್ರವೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಸುನೀತಾ ಖಾಲಿ ಫೋಲ್ಡರೊಂದನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಸ್ವಲ್ಪ ಕೂಡ್ರಿ ಅಣ್ಣ," ಎಂದಳು ಕೊನೆಗೆ. "ಇದು ಭಾಳ ನಿಧಾನ."