ಅಮಾಸೆ ರಾತ್ರಿಯ ಫೋಟೋ

"ಬಿಚ್ಚೋ ಬ್ಯಾಗು!" ಎಂದು ಊರಿನ ಜಂಪಣ್ಣ ಕತ್ತಲೊಳಗಿಂದ ಎದ್ದು ಬಂದು ಕಿರುಚಿದಾಗ ಸಿದ್ದೇಶ ವೀರಗಲ್ಲಿನ ಎದುರು ಕುಕ್ಕರುಗಾಲಲ್ಲಿ ಕೂತು ಮೂರು ಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಸಿಕ್ಕಿಸುತ್ತಿದ್ದ. ಸೊಕ್ಕೆ ಊರಿನ ಕಡೆಯ ಹೊಲ, ಅಮಾವಾಸ್ಯೆ, ಊರು ಉಂಡು ಕೈ ತೊಳೆಯುವ ಹೊತ್ತು. ಕಿರುಚಾಟ ಕೇಳಿ ಹೊಲದ ಒಡತಿ ದೊಡ್ಡಕ್ಕ ಬ್ಯಾಟರಿ ಹಿಡಿದು ಓಡಿಬಂದಳು. ಹಿಂದೆಯೇ ಊರಿನ ನಾಲ್ಕು ಮಂದಿ ಬಡಿಗೆ ಹಿಡಿದು ಬಂದರು.

ಜಂಪಣ್ಣ ಬ್ಯಾಗನ್ನು ನೆಲಕ್ಕೆ ಸುರಿದ. ಕೆಂಪು ಟಾರ್ಚು ಬಿತ್ತು, ಲೆನ್ಸ್ ಒರೆಸುವ ಬಟ್ಟೆ ಬಿತ್ತು, ಕೊನೆಗೆ ಒಂದು ನಿಂಬೆಹಣ್ಣೂ ಉರುಳಿತು. ನಿಂಬೆಹಣ್ಣು ಕಂಡದ್ದೇ ತಡ, ಬಡಿಗೆಯವರು ಒಂದು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ ಶಿವನೇ, ನಿಧಿ ಕಳ್ಳ!" ಎಂದಳು ದೊಡ್ಡಕ್ಕ. "ನಮ್ಮಪ್ಪನ ಕಾಲದಿಂದ ಪೂಜೆ ಮಾಡೋ ಕಲ್ಲು. ಕೀಳಾಕೆ ಬಂದೀಯೇನೋ?"

"ಇಲ್ಲಕ್ಕ! ಆ ನಿಂಬೆಹಣ್ಣು ನಮ್ಮವ್ವ ಹಾಕಿದ್ದು. ಅಮಾಸೆ ದಿನ ಹೊರಗೆ ಹೊಂಟೀಯ, ಇರ್ಲಿ ಇಟ್ಕೋ ಅಂದ್ಲು. ಜಗಳೂರಲ್ಲಿ ಮೊಬೈಲ್ ರಿಪೇರಿ ಮಾಡ್ತೀನಿ. ರಾತ್ರಿ ಫೋಟೋ ತೆಗೆಯಾಕೆ ಕಲೀತಿದೀನಿ."

"ಅಮಾಸೆ ಕತ್ತಲಾಗೆ ಯಾವನಪ್ಪ ಫೋಟೋ ಹಿಡಿಯೋನು?"

"ಅಮಾಸೆಗೇ ಅಕ್ಕ, ಚುಕ್ಕಿ ಚೆನ್ನಾಗಿ ಕಾಣಾದು!"

ಮಾತು ನಿಜವೇ. ಆದರೆ ನಿಧಿಗಳ್ಳರು ಕಾಯುವುದೂ ಅಮಾಸೆಗೇ ಅನ್ನುವುದು ಊರಿನ ಎಳೆಮಕ್ಕಳಿಗೂ ಗೊತ್ತು. ಈ ಬೆಪ್ಪನಿಗೆ ಮಾತ್ರ ಹೊಳೆದಿರಲಿಲ್ಲ.

"ಹಂಗಾರೆ ಇಲ್ಲೀವರೆಗೂ ತೆಗೆದಿರೋದು ತೋರ್ಸು," ಎಂದಳು ದೊಡ್ಡಕ್ಕ. ಸಿದ್ದೇಶ ಕ್ಯಾಮೆರಾದ ಪರದೆ ಹೊತ್ತಿಸಿದ. ತೋರಿಸಿದ. ಮೊದಲನೆಯದು ಕಪ್ಪು. ಮುಂದಿನದೂ ಕಪ್ಪು. ಇನ್ನೊಂದರಲ್ಲಿ ಚುಕ್ಕಿಗಳು ಎರೆಹುಳದ ಹಾಗೆ ಡೊಂಕಾಗಿದ್ದವು. ಗುಂಡಿ ಒತ್ತುವಾಗ ಕ್ಯಾಮೆರಾ ಅಲ್ಲಾಡಿಬಿಟ್ಟಿತ್ತು. "ಇವನು ಫೋಟೋ ತೆಗೆಯೋನಂತೆ!" ಎಂದು ಯಾರೋ ನಕ್ಕರು. ನಕ್ಕವನ ಕೈಯಲ್ಲೂ ಬಡಿಗೆ ಇತ್ತು. ಸಿದ್ದೇಶನಿಗೆ ಅಳುವೇ ಬಂತು.

"ಒಂದೇ ಒಂದ್ಸಲ ಬಿಡ್ರಿ. ನಿಮ್ಮೆದುರಿಗೇ ತೆಗೆದು ತೋರಿಸ್ತೀನಿ. ಬ್ಯಾಟರಿ ಆರಿಸ್ಬೇಕು, ಯಾರೂ ಅಲ್ಲಾಡಬಾರದು, ಅಷ್ಟೇ."

"ಫೋಟೋನೂ ಬ್ಯಾಡ, ಗೀಟೋನೂ ಬ್ಯಾಡ," ಎಂದ ಜಂಪಣ್ಣ. "ಕತ್ತಲು ಮಾಡಿ ಓಡಾಕೆ ಉಪಾಯ ಇದು. ನಾಲ್ಕು ಬಿಗಿದು ಪೊಲೀಸ್ರಿಗೆ ಕೊಡಾನ, ನಡೀರಿ."

"ಅದ್ಹೆಂಗೆ ಓಡ್ತಾನೋ ನಾನೂ ನೋಡ್ತೀನಿ," ಎನ್ನುತ್ತ ದೊಡ್ಡಕ್ಕ ಸಿದ್ದೇಶನ ಕೊರಳಪಟ್ಟಿ ಹಿಡಿದುಕೊಂಡೇ ಬ್ಯಾಟರಿ ಆರಿಸಿದಳು.

ಈ ಸಲ ಅವನು ಟೈಮರ್ ಇಟ್ಟು ಕ್ಯಾಮೆರಾದಿಂದ ಕೈ ತೆಗೆದುಬಿಟ್ಟ. ಶಟರ್ ತೆರೆದುಕೊಂಡಿತು; ಚುಕ್ಕಿಯ ಬೆಳಕು ಹಿಡಿಯಲು ಅದು ಸುಮಾರು ಹೊತ್ತು ತೆರೆದೇ ಇರಬೇಕು. ಯಾರೋ ಕೆಮ್ಮಿದರು. ಕಾದರು, ಕಾದರು, ಮುಗಿಯಲೊಲ್ಲದು. ದೊಡ್ಡಕ್ಕನ ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಕೊನೆಗೆ ಕ್ಲಿಕ್ ಎಂದಿತು.

ಪರದೆಯ ತುಂಬ ಚುಕ್ಕಿ! ಕೆಳಗೆ ವೀರಗಲ್ಲು, ಕೆತ್ತಿದ ಕುದುರೆ ಸಮೇತ. "ಬಂತಕ್ಕ! ಬಂತು!" ಕೊರಳಪಟ್ಟಿ ಇನ್ನೂ ಅವಳ ಕೈಯಲ್ಲಿದೆ ಅನ್ನುವುದನ್ನೂ ಮರೆತು ಸಿದ್ದೇಶ ಕುಣಿದ.

ದೊಡ್ಡಕ್ಕ ಪರದೆಯ ಮೂಲೆಗೆ ಬೆರಳಿಟ್ಟಳು. "ಕಲ್ಲಿನ ಪಕ್ಕದಾಗೆ ಇದೇನು ಗುಡ್ಡೆ?"

ಬ್ಯಾಟರಿ ಹಾಕಿಕೊಂಡು ಹಿಂದೆ ಹೋಗಿ ನೋಡಿದರೆ, ಕಲ್ಲಿನ ಬೆನ್ನಿಗೇ ಮೊಣಕಾಲುದ್ದ ಆಳದ ಗುಂಡಿ. ಅಗೆದು ಹಾಕಿದ ಮಣ್ಣು ಇನ್ನೂ ಹಸಿ.

"ನೋಡಿದ್ರಾ? ನಾನು ಬಡ್ಕೊಳ್ಳಿಲ್ವಾ?" ಎಂದ ಜಂಪಣ್ಣ. ಬಡಿಗೆಗಳು ಮೇಲೆದ್ದವು. ಹಾಳಾದ್ದು, ಮೊದಲ ಸಲ ಚೆನ್ನಾಗಿ ಬಂದ ಫೋಟೋನೇ ಸಿದ್ದೇಶನಿಗೆ ಒದೆ ತಿನ್ನಿಸಲು ಹೊರಟಿತ್ತು.

"ತಡೀರಿ." ದೊಡ್ಡಕ್ಕ ಅವನ ಅಂಗೈ ಎರಡನ್ನೂ ಬೆಳಕಿಗೆ ಹಿಡಿದು, ತಿರುವಿ, ಉಗುರುಗಳನ್ನೂ ನೋಡಿದಳು. "ಇದು ಮಣ್ಣು ಮುಟ್ಟಿದ ಕೈಯಲ್ಲ. ಎಲ್ರೂ ತೋರಿಸ್ರಿ ನೋಡಾನ. ಉಂಡು ಕೈ ತೊಳೆದು ಬಂದಿರೋರಿಗೆ ಏನು ಭಯ?"

ನಾಲ್ವರೂ ಬಡಿಗೆ ಕೆಳಗಿಟ್ಟು ಕೈ ಚಾಚಿದರು. ಜಂಪಣ್ಣ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆಯೆತ್ತಿ, ಚುಕ್ಕಿ ನೋಡುತ್ತಾ ನಿಂತಿದ್ದ.