ಯಾರೂ ಕಣ್ಣು ಬಿಡಬೇಡಿ

ಕನ್ನಡಿಯ ಮುಂದೆ ನಿಂತು ಡೆಲ್ಬರ್ಟ್ ದೇವರಿಲ್ಲ ಎಂದು ಸಾಧಿಸುತ್ತಿದ್ದ. ಒಮ್ಮೆ ಮೆತ್ತಗೆ, ಒಮ್ಮೆ ಗುಡುಗಿ, ಒಮ್ಮೆ ಹುಬ್ಬೇರಿಸಿ. ಹುಬ್ಬೇರಿಸಿದ್ದೇ ಚೆನ್ನ ಅನ್ನಿಸಿರಬೇಕು. ಅದನ್ನೇ ಇನ್ನೊಮ್ಮೆ ಮಾಡಿ ನೋಡಿಕೊಂಡ.

ಬಾಗಿಲಲ್ಲಿ ಅವನ ಕೋಟು ಹಿಡಿದು ನಿಂತಿದ್ದ ಹೆಂಡತಿ ಲಿಯೋಟಾ ದಿನ ಎಣಿಸುತ್ತಿದ್ದಳು. ಶುಕ್ರವಾರ ಒಮಾಹಾ ನಗರದ ಆಸ್ಪತ್ರೆಯಲ್ಲಿ ಇವನ ಎದೆ ಸೀಳಿ ಹೃದಯ ರಿಪೇರಿ ಮಾಡುತ್ತಾರೆ. ಮತ್ತೆ ಏಳದೇ ಹೋದರೆ? ತಾನು ಸ್ವರ್ಗದಲ್ಲಿ, ಇವನು ಇನ್ನೊಂದು ಕಡೆ. ಮದುವೆಯಾದಾಗಿನಿಂದ ಇವನಿಗಾಗಿ ಮಂಡಿಯೂರಿ ಮಂಡಿಯೂರಿ ಅವಳ ಮಂಡಿಚಿಪ್ಪು ಸವೆದಿತ್ತು. ಉಳಿದದ್ದು ಇದೊಂದು ಬುಧವಾರ.

"ಶುಕ್ರವಾರಕ್ಕೆ ಮೊದಲು ಈ ಮೊಂಡಾಟ ನಿಲ್ಲಿಸಿಬಿಡು, ಡೆಲ್ಬರ್ಟ್."

"ನಿಲ್ಲಿಸಿದ್ರೆ ಅಷ್ಟು ಜನ ಎಲ್ಲಿಗೆ ಹೋಗ್ಬೇಕೇ?" ಡೆಲ್ಬರ್ಟ್ ಕೋಟಿಗೆ ತೋಳು ತೂರಿಸಿದ. "ನಿಂಗೆ ಗೊತ್ತಿಲ್ದೇ ಇರೋದು ಏನಿದೆ? ಪ್ರತಿ ವಾರ ಪಕ್ಕದಲ್ಲೇ ಕೂತಿರ್ತೀಯ. ನಡಿ, ತಡವಾದ್ರೆ ಪಾಸ್ಟರ್ ಗಾಬರಿಯಾಗ್ತಾರೆ."

ಗಾಬರಿಯಾಗದೆ ಏನು? ಒಂದು ಕಾಲಕ್ಕೆ ಆ ಚರ್ಚಿನಲ್ಲಿ ಬುಧವಾರ ಜನಕ್ಕಿಂತ ಬೆಂಚುಗಳೇ ಹೆಚ್ಚಿದ್ದವು. ಆಗ ಪಾಸ್ಟರ್ ಹೋಲ್ಕಾಂಬ್ ಊರಿನ ಏಕೈಕ ನಾಸ್ತಿಕನನ್ನು, ಅಂದರೆ ನಿವೃತ್ತ ವಿಜ್ಞಾನ ಮೇಷ್ಟರು ಡೆಲ್ಬರ್ಟನನ್ನು, ವಾದಕ್ಕೆ ಕರೆದರು. 'ದೇವರಿಗೆ ಪುರಾವೆ ಉಂಟೇ? ಊಟ ಉಂಟು' ಎಂದು ರಸ್ತೆಬದಿಯ ಬೋರ್ಡಿನಲ್ಲಿ ಅಕ್ಷರ ಜೋಡಿಸಿದರು. ಕ್ರಿಸ್‌ಮಸ್ಸಿಗೂ ಬಾರದವರು ಈಗ ಸುತ್ತಲಿನ ಊರುಗಳಿಂದ ಪಿಕಪ್ಪುಗಳಲ್ಲಿ ಬರುತ್ತಿದ್ದರು. ಕುರ್ಚಿ ಸಾಲದೆ ಎದುರಿನ ಮೆಥಡಿಸ್ಟ್ ಪಂಗಡದ ಚರ್ಚಿನಿಂದ ಎರವಲು ತರಬೇಕಾಗಿತ್ತು. ಮೆಥಡಿಸ್ಟರೂ ಕುರ್ಚಿಯ ಜೊತೆಗೇ ಬಂದರು.

ಊಟವಾಯಿತು. ತಟ್ಟೆ ಎತ್ತುವ ಮೊದಲೇ ಪಾಸ್ಟರ್ ಶುರು ಹಚ್ಚಿಕೊಂಡರು.

"ವಿಲ್ಮಾ ಮಾಡಿದ ಕ್ಯಾಸರೋಲ್ ತಿಂದ್ರಲ್ಲ? ನೂಡಲ್ಸು, ಮೀನು, ಚೀಸು ತಾವಾಗಿ ನಡ್ಕೊಂಡು ಹೋಗಿ ಓವನ್ ಸೇರ್ಕೊಂಡ್ವಾ? ಮಾಡಿದೋರು ಒಬ್ರು ಇರ್ಲೇಬೇಕು. ಹಾಗಾದ್ರೆ ಈ ಲೋಕಕ್ಕೆ?"

"ವಿಲ್ಮಾನ ನಾನು ಕಣ್ಣಾರೆ ನೋಡಿದೀನಿ," ಎಂದ ಡೆಲ್ಬರ್ಟ್. "ನಿಮ್ಮ ಅಡುಗೆಯವ್ರನ್ನ ತೋರ್ಸಿ. ಅದೂ ಅಲ್ದೆ ವಿಲ್ಮಾನ ಮಾಡಿದ್ದು ಅವರಮ್ಮ. ನಿಮ್ಮೋರನ್ನ ಮಾಡಿದ್ದು ಯಾರು?"

ಜನ ಮೇಜು ಕುಟ್ಟಿ ನಕ್ಕರು. ವಿಲ್ಮಾ ಎದ್ದು ನಿಂತು ಕೈ ಬೀಸಿದಳು.

"ತರ್ಕಕ್ಕೇ ಬರ್ತೀನಿ," ಎಂದು ಡೆಲ್ಬರ್ಟ್ ಮುಂದುವರಿಸಿದ. "ಪುರಾವೆ ಇದ್ರೆ ನಂಬಿಕೆ ಯಾಕೆ ಬೇಕು? ನನ್ನ ಟ್ರಕ್ಕು ಇದೆ. ಅದನ್ನ ನಾನು ನಂಬ್ತೀನಿ ಅಂತ ಯಾರಾದ್ರೂ ಹೇಳ್ತಾರಾ?"

"ಜನವರಿ ಚಳೀಲಿ ಆ ಟ್ರಕ್ಕು ಸ್ಟಾರ್ಟ್ ಆಗತ್ತೆ ಅಂತ ಕೀಲಿ ತಿರುಗಿಸೋನಿಗಿಂತ ದೊಡ್ಡ ಭಕ್ತ ಇಲ್ಲ, ಬ್ರದರ್ ಡೆಲ್ಬರ್ಟ್!" ಎಂದರು ಪಾಸ್ಟರ್.

ಚಾವಣಿ ಹಾರುವಷ್ಟು ಚಪ್ಪಾಳೆ ಬಿತ್ತು. ಸಭೆಗೆ ಸೇರದವನನ್ನು ಅಲ್ಲಿ ಯಾರೂ ಬ್ರದರ್ ಎನ್ನುವುದಿಲ್ಲ. ಪಾಸ್ಟರದು ದೊಡ್ಡ ಮನಸ್ಸು ಎಂದುಕೊಂಡಳು ಲಿಯೋಟಾ.

ಡೆಲ್ಬರ್ಟ್ ಬಂದು ಮೊದಲ ಬೆಂಚಿನಲ್ಲಿ ಅವಳ ಪಕ್ಕ ಕುಳಿತ. ಆರ್ಗನ್ನಿನ ನಾದ ಮೆಲ್ಲಗೆ ಹರಿಯತೊಡಗಿತು. ಪ್ರತಿ ವಾರ ವಾದ ಮುಗಿಯುವುದು ಹೀಗೇ.

"ಎಲ್ಲರೂ ತಲೆ ಬಾಗಿಸಿ. ಎಲ್ಲರೂ ಕಣ್ಣು ಮುಚ್ಚಿ. ಯಾರೂ ಕಣ್ಣು ಬಿಡಬೇಡಿ," ಎಂದರು ಪಾಸ್ಟರ್. "ಯೇಸುವನ್ನ ಒಪ್ಕೊಳ್ಳೋರು ಸುಮ್ನೆ ಕೈ ಎತ್ತಿ. ನಾಚಿಕೆ ಬೇಡ. ನೋಡೋದು ದೇವರು ಮತ್ತೆ ನಾನು, ಇಬ್ಬರೇ."

ಲಿಯೋಟಾ ಕಣ್ಣು ಮುಚ್ಚಿದಳು. ಹುಟ್ಟಿದಾಗಿನಿಂದ ಅವಳು ಈ ಹೊತ್ತಿನಲ್ಲಿ ಕಣ್ಣು ಬಿಟ್ಟವಳಲ್ಲ. ಪಕ್ಕದಲ್ಲಿ ಕೋಟು ಸರಕ್ಕೆಂದಿತು. ವಾರವಾರವೂ ಸರಕ್ಕೆನ್ನುತ್ತಿತ್ತು, ಪ್ರಾರ್ಥನೆಯ ಹೊತ್ತಿಗೇ ಇವನಿಗೆ ಬೆನ್ನು ಕೆರೆಯುತ್ತದೆ ಎಂದು ಅವಳಿಗೆ ಬೇಸರ.

ಆದರೆ ಇವತ್ತು ಅವಳ ಮನಸ್ಸು ತಡೆಯಲಿಲ್ಲ. ಶುಕ್ರವಾರ ಹತ್ತಿರವಿತ್ತು. ಕ್ಷಮಿಸು ಕರ್ತನೇ, ಒಂದೇ ಒಂದು ಸಲ ಎಂದು ಬೇಡಿಕೊಂಡು ಅವಳು ಕಣ್ಣು ಬಿಟ್ಟಳು.

ಡೆಲ್ಬರ್ಟನ ಕೈ ಮೇಲಿತ್ತು. ಅಂಗೈ ಬಿಚ್ಚಿ, ತೋಳು ನೆಟ್ಟಗೆ ಚಾಚಿ, ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ. ತುಟಿ ಪಿಟಪಿಟ ಪ್ರಾರ್ಥಿಸುತ್ತಿತ್ತು.

ಲಿಯೋಟಾಳ ಕಣ್ಣಲ್ಲಿ ನೀರು ತುಂಬಿ ಬಂತು. ಇಷ್ಟು ವರ್ಷದ ಮೊರೆ ಕೊನೆಗೂ ಮುಟ್ಟಿತು! ಸಂತೋಷ ತಡೆಯಲಾರದೆ ಅವಳು ಹಿಂದಿರುಗಿ ನೋಡಿದಳು.

ಇಡೀ ಚರ್ಚು ಕಣ್ಣು ಬಿಟ್ಟುಕೊಂಡು ಕುಳಿತಿತ್ತು. ವಿಲ್ಮಾ ನೋಡುತ್ತಿದ್ದಳು, ಹಿರಿಯರು ನೋಡುತ್ತಿದ್ದರು, ಮೆಥಡಿಸ್ಟರೂ ನೋಡುತ್ತಿದ್ದರು. ಯಾರ ಮುಖದಲ್ಲೂ ಅಚ್ಚರಿಯಿರಲಿಲ್ಲ. ದಿನವೂ ಬರುವ ಬಸ್ಸನ್ನು ನೋಡುವವರಂತೆ ಡೆಲ್ಬರ್ಟನ ಕೈ ನೋಡಿ, ಮತ್ತೆ ಒಬ್ಬೊಬ್ಬರಾಗಿ ಭಕ್ತಿಯಿಂದ ತಲೆ ತಗ್ಗಿಸಿದರು.

ಪಾಸ್ಟರ್ ಆ ಕೈಯನ್ನು ನೇರವಾಗಿ ನೋಡಿ, ಸಾಕು ಇಳಿಸಿ ಎಂಬಂತೆ ಬೆರಳಾಡಿಸಿದರು. ಆಮೇಲೆ ದನಿಯನ್ನು ಗದ್ಗದ ಮಾಡಿಕೊಂಡು ಹೇಳಿದರು: "ಇವತ್ತೂ ಒಂದೇ ಒಂದು ಕೈ ಏಳಲಿಲ್ಲ. ಆ ಕಲ್ಲುಮನಸ್ಸಿಗಾಗಿ ಪ್ರಾರ್ಥಿಸ್ತಾ ಇರೋಣ. ಆಪರೇಷನ್ ಮುಗಿಸ್ಕೊಂಡು ಬರ್ಲಿ, ವಾದ ಮುಂದುವರಿಯತ್ತೆ."

"ಆಮೆನ್," ಎಂದಿತು ಸಭೆ.

ಕೈ ಇಳಿಸಿದ ಡೆಲ್ಬರ್ಟ್ ಹೆಂಡತಿಯ ಕಡೆ ತಿರುಗಿದ. ಅವಳ ತೆರೆದ ಬಾಯಿ, ಕೆನ್ನೆಯ ಮೇಲಿನ ನೀರು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಲಿಯೋಟಾ! ಇಷ್ಟು ದಿನ ನೀನು ನಿಜವಾಗ್ಲೂ ಕಣ್ಣು ಮುಚ್ಕೊಂಡಿದ್ಯಾ?"