ಇನ್ನು ನಾಲ್ಕೇ ನಿಮಿಷ

ಫುಟ್‌ಬಾಲ್ ಪಂದ್ಯದ ಎರಡನೆಯ ಅವಧಿ ಎಷ್ಟು ಮುಗಿದಿದೆಯೆಂದು ನೋಡಲು ರೆಫರಿ ಡೊನ್ ಎಲಾದಿಯೊ ಅಂಗಿಯ ಜೇಬಿಗೆ ಕೈ ಹಾಕಿದಾಗ ಮೊಬೈಲು ಈಗಷ್ಟೇ ಒಲೆಯಿಂದ ತೆಗೆದ ಚೀಪಾ ರೊಟ್ಟಿಯ ಹಾಗೆ ಸುಡುತ್ತಿತ್ತು. ಗುಂಡಿ ಒತ್ತಿದರು. ಗಡಿಯಾರ ಕಾಣುವ ಮೊದಲು ಬೋಳುತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು ಬಂತು. ಅದು ತೊಲಗಲು ಐದು ಸೆಕೆಂಡು ಕಾಯಬೇಕಿತ್ತು. ಮೂರನೆಯ ಸೆಕೆಂಡಿಗೆ ಪರದೆ ಕಪ್ಪಾಯಿತು. ಮತ್ತೆ ಒತ್ತಿದರು, ಅಲುಗಾಡಿಸಿದರು, ಯಾರಿಗೂ ಕೇಳಿಸದಂತೆ ಬೈದರು. ಮೊಬೈಲು ಜಪ್ಪಯ್ಯ ಅನ್ನಲಿಲ್ಲ.

ಸಾನ್ ರೋಕೆ ತಂಡ ಒಂದು ಗೋಲಿನಿಂದ ಮುಂದಿತ್ತು. ಗೆದ್ದವರಿಗೆ ಸಿಗಬೇಕಾದ ಕಡಸು ಮಾವಿನ ಮರದ ಕೆಳಗೆ ಮೆಲುಕು ಹಾಕುತ್ತಿತ್ತು. ಬೇಗ ಸೀಟಿ ಊದಿದರೆ ಎದುರಾಳಿ ಪೊತ್ರೆರೋದವರು ಬಿಡುವುದಿಲ್ಲ, ತಡವಾಗಿ ಊದಿದರೆ ಸಾನ್ ರೋಕೆಯವರು ಬಿಡುವುದಿಲ್ಲ. ಯಾರನ್ನಾದರೂ ಗಂಟೆ ಎಷ್ಟೆಂದು ಕೇಳಬಹುದಿತ್ತು. ಆದರೆ ಮಧ್ಯಂತರದಲ್ಲಿ ಆ ಕಡಸು ಹಗ್ಗ ಕಿತ್ತುಕೊಂಡು ಓಡಿ, ಎರಡೂ ತಂಡದವರು ಅದನ್ನು ಹಿಡಿದು ತಂದು, ಆಟ ಮತ್ತೆ ಶುರುವಾದದ್ದು ಎಷ್ಟು ಹೊತ್ತಿಗೆಂದು ಆ ಮೊಬೈಲಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಡೊನ್ ಎಲಾದಿಯೊ ಲೆಕ್ಕ ಇಡುವಾಗ ತಾವೇಕೆ ಇಡಬೇಕೆಂದು ಇಡೀ ಊರು ಇಪ್ಪತ್ತೆರಡು ವರ್ಷಗಳಿಂದ ನಿಶ್ಚಿಂತೆಯಾಗಿತ್ತು.

ಮೈದಾನದಲ್ಲಿ ಅವರು ಸ್ವಂತ ಭಾವಮೈದುನನನ್ನೂ ಮುಲಾಜಿಲ್ಲದೆ ಹೊರಗೆ ಕಳಿಸಿದ್ದ ಮನುಷ್ಯ. ಆದರೆ ತಮ್ಮ ಔಷಧಿ ಅಂಗಡಿಯಲ್ಲಿ ಕೂತಿದ್ದಾಗ ಮೊಬೈಲು ‘ಅನುಮತಿ ಕೊಡುವಿರಾ?’ ಎಂದು ವಿನಯದಿಂದ ಕೇಳಿದರೆ ಬೇಡ ಅನ್ನಲು ಅವರಿಗೆ ನಾಲಗೆ ಹೊರಳುತ್ತಿರಲಿಲ್ಲ. ಹಾಗಾಗಿ ಕಂಡು ಕೇಳದ ಊರುಗಳ ಹವಾಮಾನ ಹೇಳುವ ಆ್ಯಪ್ ಬಂತು, ದಿನಭವಿಷ್ಯದ್ದು ಬಂತು, ಹೆಜ್ಜೆ ಎಣಿಸುವುದು ಬಂತು. ಮೊಬೈಲು ಆಮೆಯಾದಾಗ ಕಸ ಗುಡಿಸುವ ಆ್ಯಪ್ ಹಾಕಿಕೊಂಡರು. ಅದು ಬ್ಯಾಟರಿ ತಿನ್ನತೊಡಗಿದಾಗ ಬ್ಯಾಟರಿ ಉಳಿಸುವ ಆ್ಯಪ್ ಹಾಕಿಕೊಂಡರು. ಅದರ ಮೇಲೆ ನಂಬಿಕೆ ಸಾಲದೆ ಇನ್ನೆರಡು. ಎಷ್ಟು ಉಳಿಸಿದೆವೆಂದು ಆ ಮೂರೂ ಹತ್ತು ಹತ್ತು ನಿಮಿಷಕ್ಕೆ ಸರದಿಯಂತೆ ವರದಿ ಒಪ್ಪಿಸುತ್ತಿದ್ದವು. ಇವತ್ತಂತೂ ರೆಫರಿ ಓಡಿದಷ್ಟೂ ಹೆಜ್ಜೆ ಎಣಿಸುವುದಕ್ಕೆ ಕೈತುಂಬ ಕೆಲಸ.

ಸಾನ್ ರೋಕೆಯ ನಾಯಕ ಫೆರ್ಮಿನ್ ಹತ್ತಿರ ಬಂದು ಇನ್ನೆಷ್ಟಿದೆ ಎಂದು ಕೇಳಿದ. ಡೊನ್ ಎಲಾದಿಯೊ ಸತ್ತ ಮೊಬೈಲನ್ನು ಗಂಭೀರವಾಗಿ ನೋಡಿ ನಾಲ್ಕು ಬೆರಳು ಎತ್ತಿದರು. ಸ್ವಲ್ಪ ಹೊತ್ತಿನ ಮೇಲೆ ಪೊತ್ರೆರೋದ ನಾಯಕ ವಿದಾಲ್ ಕೇಳಿದ. ಅವನಿಗೂ ನಾಲ್ಕು. ಬಹಳ ಹೊತ್ತಿನ ಮೇಲೆ ಫೆರ್ಮಿನ್ ಮತ್ತೆ ಕೇಳಿದಾಗ ಕೈ ತಾನಾಗಿಯೇ ಮೇಲೆದ್ದು ನಾಲ್ಕೇ ಬೆರಳು ತೋರಿಸಿತು. ಅಷ್ಟರಲ್ಲಿ ಸಾನ್ ರೋಕೆಯ ಗೋಲ್‌ಕೀಪರ್ ಗೋಲುಕಂಬಕ್ಕೆ ಒರಗಿ ಕೂತುಬಿಟ್ಟಿದ್ದ.

ಆಗಲೇ ಪೊತ್ರೆರೋದ ಮುಂಚೂಣಿ ಆಟಗಾರನೊಬ್ಬ ಗೋಲಿನ ಎದುರು ತನ್ನ ಕಾಲಿಗೆ ತಾನೇ ತೊಡರಿ ಬಿದ್ದ. ಇದನ್ನು ಪೆನಾಲ್ಟಿ ಅಂದರೆ ಆಟ ಸಮವಾಗುತ್ತದೆ. ಸಮವಾದರೆ ಪೆನಾಲ್ಟಿಗಳಲ್ಲೇ ತೀರ್ಮಾನ, ಅದಕ್ಕೆ ಗಡಿಯಾರ ಬೇಡ. ಡೊನ್ ಎಲಾದಿಯೊ ಸೀಟಿಯನ್ನು ಬಾಯಿಗಿಟ್ಟರು. ಬಿದ್ದವನು ಯಾರ ಮುಖವನ್ನೂ ನೋಡದೆ, ಏನನ್ನೂ ಕೇಳದೆ, ನಾಚಿಕೊಂಡು ಮಂಡಿಯ ಕೆಂಪು ಮಣ್ಣು ಕೊಡವಿಕೊಂಡ. ಅದನ್ನು ಕಂಡು ಅವರ ಮುಖಕ್ಕೆ ರಕ್ತ ನುಗ್ಗಿತು. ಸೀಟಿ ಊದಿದರು, ಆದರೆ ಇಬ್ಬರು ನಾಯಕರನ್ನು ಕರೆಯಲು.

“ಬ್ಯಾಟರಿ ಹೋಗಿ ಬಹಳ ಹೊತ್ತಾಯ್ತು ಕಣ್ರಪ್ಪಾ,” ಅಂದು ಕಪ್ಪು ಪರದೆ ತೋರಿಸಿದರು.

“ಮತ್ತೆ ಆ ನಾಲ್ಕು ನಿಮಿಷ?” ಫೆರ್ಮಿನ್ ಕೇಳಿದ.

“ಮೂರು ಸಲ ಹೇಳಿದ್ದೂ ಸುಳ್ಳು.”

ವಿದಾಲ್ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದ. “ಮೊದಲನೇ ಸಲಾನೇ ಹೇಳಬಾರದಿತ್ತಾ ಡೊನ್ ಎಲಾದಿಯೊ? ಆಗ ಜಗಳ ಆಡೋಕಾದ್ರೂ ನಮ್ಮಲ್ಲಿ ತ್ರಾಣ ಇತ್ತು.”

ಡೊನ್ ಎಲಾದಿಯೊ ಜೇಬಿನಿಂದ ಕೆಂಪು ಕಾರ್ಡು ತೆಗೆದು ತಮ್ಮ ತಲೆಯ ಮೇಲೆ ತಾವೇ ಎತ್ತಿ ಹಿಡಿದರು. ನಾಲ್ಕೂ ಕಡೆಯ ಜನಕ್ಕೆ ಕಾಣುವಂತೆ ಒಂದು ಸುತ್ತು ತಿರುಗಿ ಮೈದಾನದಿಂದ ಹೊರಗೆ ನಡೆದರು.

ಗೆರೆಯ ಬಳಿ ಹೆಂಡತಿ ನ್ಯಾ ಲಿಬ್ರಾದಾ ಅವರ ಕೊರಳಿನ ಸೀಟಿಯನ್ನು ಬಿಚ್ಚಿಕೊಂಡರು. “ಫೋನು ಕೇಳಿದ್ದಕ್ಕೆಲ್ಲಾ ಹೂಂ ಅಂದ್ರಿ. ಒಂದು ಸಲ ಬೇಡ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಅಂದವರೇ ಮೈದಾನಕ್ಕೆ ಇಳಿದರು. ಆಟ ಮುಗಿದೇಹೋಗಿದೆ ಎಂದು ಸಾನ್ ರೋಕೆಯವರು, ಇನ್ನೂ ಇಪ್ಪತ್ತು ನಿಮಿಷ ಇದೆ ಎಂದು ಪೊತ್ರೆರೋದವರು ವಾದ ಹೂಡಿದ್ದರು. ಎರಡೂ ಕಡೆಯವರು ತಂತಮ್ಮ ಮೊಬೈಲು ಮುಂದೆ ಚಾಚಿದರು. ನ್ಯಾ ಲಿಬ್ರಾದಾ ಒಂದನ್ನೂ ಮುಟ್ಟಲಿಲ್ಲ. ತೆರೆರೆ ಎಂಬ ತಣ್ಣನೆಯ ಎಲೆಕಷಾಯ ಕುಡಿಯಲು ತಂದಿದ್ದ ಜಗ್ಗಿಗೆ ಒಂದು ಹಿಡಿ ಐಸು ಹಾಕಿ, ಮೈದಾನದ ನಡುಗೆರೆಯ ತುದಿಯಲ್ಲಿ ಇಟ್ಟರು.

“ಇದು ಕರಗೋವರೆಗೂ ಆಟ. ಇದನ್ನ ಚಾರ್ಜ್ ಮಾಡೋದು ಬೇಡ, ಇದು ನಮ್ಮನ್ನ ಏನೂ ಕೇಳೋದೂ ಇಲ್ಲ.”

ಇಬ್ಬರು ನಾಯಕರೂ ಒಪ್ಪಿದರು. ಪಂದ್ಯ ಒಂದು–ಸೊನ್ನೆಯಲ್ಲೇ ಮುಗಿದು ಕಡಸು ಸಾನ್ ರೋಕೆಗೆ ಹೋಯಿತು. ಆದರೆ ಆ ಕೊನೆಯ ಹೊತ್ತಿನಲ್ಲಿ ಯಾರೂ ಚೆಂಡು ಮುಟ್ಟಿದ್ದನ್ನು ಡೊನ್ ಎಲಾದಿಯೊ ಕಾಣಲಿಲ್ಲ. ಆಡ್ರಪ್ಪಾ ಎಂದು ಕೂಗಲು ಬಾಯಿ ತೆರೆದವರು, ತಮಗೀಗ ಆ ಹಕ್ಕಿಲ್ಲವೆಂದು ನೆನಪಾಗಿ ಸುಮ್ಮನಾದರು. ಚೆಂಡು ನಡು ಮೈದಾನದಲ್ಲಿ ಒಂಟಿಯಾಗಿ ಬಿದ್ದಿತ್ತು. ಇಪ್ಪತ್ತೆರಡು ಮಂದಿ ಜಗ್ಗಿನ ಸುತ್ತ ಮಂಡಿಯೂರಿದ್ದರು. ಸಾನ್ ರೋಕೆಯವರು ಒಬ್ಬರಾದ ಮೇಲೊಬ್ಬರು ಬಗ್ಗಿ ಐಸಿನ ಮೇಲೆ ಬಿಸಿ ಉಸಿರು ಊದುತ್ತಿದ್ದರು. ಪೊತ್ರೆರೋದವರು ಪ್ರೇಕ್ಷಕರಿಂದ ಕಡ ತಂದ ಹನ್ನೊಂದು ಟೋಪಿಗಳನ್ನು, ಒಂದು ಎಳೆ ಬಿಸಿಲೂ ನುಸುಳದಂತೆ, ಜಗ್ಗಿನ ಮೇಲೆ ಒತ್ತೊತ್ತಾಗಿ ಹಿಡಿದಿದ್ದರು.